ಬಿಸಿನೀರಿನ ಉಸಿರು

ಧ್ವನಿಸಹಿತ ಚಿತ್ರೀಕರಿಸಿದರೆ ಖರ್ಚು ದುಪ್ಪಟ್ಟು. ಹಾಗಾಗಿ ಟೋಕಿಯೊದ ಒಂದು ವಯಸ್ಕರ ಚಿತ್ರವನ್ನು ಮೂಕವಾಗಿ ತೆಗೆದು, ನರಳಿಕೆಯನ್ನು ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಸೇರಿಸುತ್ತಿದ್ದರು. ವಿಧವೆ ನೊಬುಯೆಗೆ ಬಹಳ ಅಲೆದ ಮೇಲೆ ಸಿಕ್ಕ ಕೆಲಸ ಅದು. ತೆರೆಯ ಮೇಲೆ ನಟಿ ಬಾಯಿ ತೆರೆದಳು. ಮೈಕಿನ ಮುಂದೆ ಇವಳು ನೋವು ಬಂದವಳಂತೆ ಮುಲುಗಿದಳು.

"ಏನಮ್ಮಾ, ಹಲ್ಲುನೋವಾ? ಇನ್ನೊಂದು ಸಲ ಕೆಟ್ಟರೆ ಬೇರೆಯವರನ್ನ ಕರೀತೀನಿ," ಎಂದ ನಿರ್ದೇಶಕ.

ಪಕ್ಕದಲ್ಲಿ ತನ್ನ ತೋಳನ್ನೇ ಚುಂಬಿಸಿ ಮುತ್ತಿನ ಸದ್ದು ಕೊಡುತ್ತಿದ್ದ ಹಿರಿಯ ಕಲಾವಿದೆ ಕಿನುಕೊ ಪಿಸುಗುಟ್ಟಿದಳು: "ಗಂಡಸರನ್ನ ಮರೆತುಬಿಡೇ. ಚಳೀಲಿ ಬಿಸಿನೀರಿನ ತೊಟ್ಟಿಗಿಳಿದಾಗ ಏನಂತೀಯ?"

"ಅದಾ? ದಿನಾ ಅಂತೀನಲ್ಲಕ್ಕಾ!"

ನೊಬುಯೆ ಕಣ್ಣು ಮುಚ್ಚಿದಳು. ಉಸಿರು ತಾನಾಗಿ ಬಂತು. "ಭೇಷ್!" ಎಂದ ನಿರ್ದೇಶಕ.

ಆ ಸಂಜೆ ಕೇರಿಯ ಸಾರ್ವಜನಿಕ ಸ್ನಾನದ ಮನೆಯಲ್ಲಿ, ನೆರೆಯ ಹೆಂಗಸರೆಲ್ಲ "ಹಾ..." ಎನ್ನುತ್ತ ತೊಟ್ಟಿಗಿಳಿದರು. ನೊಬುಯೆ ತುಟಿ ಬಿಗಿಹಿಡಿದು ಇಳಿದಳು. ಕೆಲಸವೇನೋ ಸಿಕ್ಕಿತು, ಹಾಯಾಗಿ ಉಸಿರು ಬಿಡುತ್ತಿದ್ದ ಒಂದೇ ಜಾಗ ಕೈತಪ್ಪಿತು.