ಎತ್ತಿದ ಗೇಟು

ಕಾದ ಎಣ್ಣೆಗೆ ಅಜವಾನ ಬಿದ್ದ ವಾಸನೆ ಬಂದರೆ ಇಂದಿಗೂ ನನ್ನ ಕಣ್ಣು ರಸ್ತೆಯ ಕಡೆಗೆ ಹೊರಳುತ್ತದೆ.

ರಾಯಬಾಗ ಸ್ಟೇಷನ್ನಿನ ಆಚೆ, ನೆರಳೇ ಇಲ್ಲದ ಬರಡು ಮಡ್ಡಿಯಲ್ಲಿ, ರೈಲ್ವೆ ಗೇಟಿನ ಪಕ್ಕ ನಮ್ಮಜ್ಜಿ ಮಿರ್ಚಿಭಜಿ ಕರಿಯುತ್ತಿದ್ದಳು. ರೈಲು ಬರುವಾಗ ಗೇಟು ಬೀಳುತ್ತಿತ್ತು, ಲಾರಿ ಬಸ್ಸುಗಳು ನಿಲ್ಲುತ್ತಿದ್ದವು, ಬುಟ್ಟಿ ಖಾಲಿಯಾಗುತ್ತಿತ್ತು.

"ಮಂದಿ ನಿನ್ನ ಭಜಿಗೆ ನಿಲ್ಲೂದಿಲ್ಲಬೇ ಯವ್ವಾ, ನನ್ನ ಗೇಟಿಗೆ ನಿಲ್ಲತಾರ," ಎಂದು ಗೇಟ್‌ಮನ್ ದಿನಾ ಕಾಡುತ್ತಿದ್ದ. ಅಜ್ಜಿ ಹಿಟ್ಟು ಕಲಸುತ್ತಲೇ ಇರುತ್ತಿದ್ದಳು.

ಒಂದು ಮಧ್ಯಾಹ್ನ ಗೇಟು ಎತ್ತಿಯೇ ಇತ್ತು. ದಾಟಿ ಹೋಗಬೇಕಿದ್ದ ಮಿರಜದ ಲಾರಿ ಗಕ್ಕನೆ ನಿಂತಿತು. ಹಿಂದೆಯೇ ಬಸ್ಸು. "ಮಾವಶಿ, ಗರಮ್ ಅದಾವೇನ್ರಿ?" ಎನ್ನುತ್ತ ಲಾರಿ ಡ್ರೈವರ್ ಇಳಿದ. ಇಡೀ ಬಸ್ಸೂ ಇಳಿಯಿತು.

ಅಜ್ಜಿ ಎಣ್ಣೆ ತೊಟ್ಟಿಕ್ಕುವ ಝಾರಾ ಸೌಟು ಎತ್ತಿ ಹಿಡಿದು, ಮಡ್ಡಿಗೆಲ್ಲ ಕೇಳುವಂತೆ ಗೇಟ್‌ಮನ್‌ನನ್ನು ಕೂಗಿದಳು: "ಯಾಕೋ ತಮ್ಮಾ, ಗೇಟ ಇನ್ನಾ ಎತ್ತಿಲ್ಲೇನ?"