ರಾಮಾಂಜಿನಪ್ಪನ ಇಳಿಜಾರು

ಕೊನೆಯ ಬಿಲದ ಬಾಯಿಗೂ ಸಿಮೆಂಟು ಮೆತ್ತಿ, ಕರಣೆಯಿಂದ ಸವರಿ, ರಾಮಾಂಜಿನಪ್ಪ ಸೊಂಟ ಹಿಡಿದುಕೊಂಡು ಎದ್ದ. ಬೆಳಿಗ್ಗೆಯೇ ಒಣಮೆಣಸಿನಕಾಯಿ ಹೊಗೆ ಹಾಕಿ ಹೆಗ್ಗಣಗಳನ್ನೆಲ್ಲ ಓಡಿಸಿದ್ದಾಗಿತ್ತು. ನಾಗಸಂದ್ರದ ಆ ಬೀದಿಯ ನಿವಾಸಿಗಳ ಸಂಘದವರು ನಾಳೆ ಅಂಗಳ ನೋಡಲು ಬರುವವರಿದ್ದರು. ಅಧ್ಯಕ್ಷನಾಗುವವನ ಅಂಗಳದಲ್ಲಿ ಹೆಗ್ಗಣದ ಬಿಲವಿದ್ದರೆ ಮರ್ಯಾದೆ ಉಳಿದೀತೆ?

ಅವನನ್ನು ಅಧ್ಯಕ್ಷ ಮಾಡುವ ಯೋಚನೆ ಹುಟ್ಟಿದ್ದೇ ಆ ಅಂಗಳದಿಂದ. ಮಳೆ ಬಂದರೆ ಬೀದಿಯಲ್ಲಿ ಮಂಡಿಯುದ್ದ ನೀರು. ಇವನ ಅಂಗಳದಲ್ಲಿ ಮಾತ್ರ ಸ್ವಲ್ಪ ಹೊತ್ತಿಗೆಲ್ಲ ರಂಗೋಲಿ ಹಾಕಬಹುದು. "ಎಲ್ಲಾ ನಾನು ಕೊಟ್ಟಿರೋ ಇಳಿಜಾರು" ಎಂದು ಟೀ ಅಂಗಡಿಯಲ್ಲಿ ಕೊಚ್ಚಿಕೊಂಡಿದ್ದ. ಇಳಿಜಾರು ಕೊಟ್ಟದ್ದು ಯಾವಾಗ ಎಂದು ಅವನಿಗೇ ನೆನಪಿರಲಿಲ್ಲ. ಆದರೆ ಹೇಳಿ ಹೇಳಿ ನಂಬಿಕೆ ಬಂದುಬಿಟ್ಟಿತ್ತು.

"ಬಿಲದಾಗೆ ಕಪ್ಪೆಗ್ಳೂ ಇದ್ವು. ಸೊಳ್ಳೆ ತಿನ್ಕೊಂಡು ಅವುಗಳ ಪಾಡಿಗೆ ಅವು ಇದ್ವು" ಎಂದಳು ಹೆಂಡತಿ ಕೃಷ್ಣಮ್ಮ, ಕಾಫಿ ಲೋಟ ಕೊಡುತ್ತ.

"ಅವೂ ಒಂಟೋಗ್ಲಿ. ಬಾಡಿಗೆ ಕೊಡ್ದೆ ಇರೋರ್ಗೆ ನನ್ ಜಾಗದಾಗೆ ಏನ್ ಕೆಲ್ಸ?" ಎಂದ, ಮನೆಯ ಹಿಂದುಗಡೆಯ ಬಾಡಿಗೆ ರೂಮುಗಳ ಮಾಲೀಕನೂ ಆಗಿದ್ದ ರಾಮಾಂಜಿನಪ್ಪ.

ಮರುದಿನ ಸಂಘದವರು ಬರುವ ಹೊತ್ತಿಗೆ ಸರಿಯಾಗಿ ಮಳೆ ಸುರಿಯಿತು. ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಸಿಕ್ಕ ಹುಡುಗನಂತೆ ರಾಮಾಂಜಿನಪ್ಪ ಹಿಗ್ಗಿದ. ಮಳೆ ನಿಂತಿತು. ನೀರು ಮಾತ್ರ ಹೋಗಲಿಲ್ಲ. ಸ್ಕೂಟರಿನ ಅರ್ಧ ಚಕ್ರ ಮುಳುಗಿತ್ತು. ಹಿಂದಿನ ರೂಮಿನಿಂದ ಬಾಗಲಕೋಟೆ ಕಡೆಯ ಯಮನಪ್ಪ ಅಕ್ಕಿಚೀಲ ತಲೆಯ ಮೇಲಿಟ್ಟುಕೊಂಡು ಹೊರಬಂದ.

"ಮಾಲಕ್ರ, ಖೋಲಿಯೊಳಗ ನೀರು ಹೊಕ್ಕಾವ್ರಿ. ಇಷ್ಟ್ ವರ್ಷ ಹಿಂಗ ಆಗಿದ್ದಿಲ್ರಿ."

"ಎಲ್ರೀ ನಿಮ್ಮ ಇಳಿಜಾರು? ಮೆಣಸಿನ್ಕಾಯಿ ಒಗೆಗೆ ಅದೂ ಓಡೋಯ್ತಾ?" ಎಂದಳು ಕೃಷ್ಣಮ್ಮ.

ಆಗ ರಾಮಾಂಜಿನಪ್ಪನಿಗೆ ಹೊಳೆಯಿತು. ಇಷ್ಟು ವರ್ಷ ಅಂಗಳದ ನೀರನ್ನೆಲ್ಲ ನೆಲದೊಳಕ್ಕೆ ಇಳಿಸುತ್ತಿದ್ದದ್ದು ಆ ಬಿಲಗಳು. ತನಗೆ ಸಿಕ್ಕ ಹೊಗಳಿಕೆಯೆಲ್ಲ ಹೆಗ್ಗಣಗಳಿಗೆ ಸಲ್ಲಬೇಕಾದದ್ದು. ಅವನಿಗೆ ನಾಚಿಕೆಗಿಂತ ಮೊದಲು ಹೊಟ್ಟೆಕಿಚ್ಚಾಯಿತು. ಪಂಚೆ ಎತ್ತಿಕಟ್ಟಿ, ಹಾರೆ ಹಿಡಿದು, ನೀರಿಗಿಳಿದು ಕುಟ್ಟತೊಡಗಿದ.

"ಏನು ಅಧ್ಯಕ್ಷರೇ, ಮೀನು ಹಿಡೀತಿದ್ದೀರಾ?" ಸಂಘದ ಕಾರ್ಯದರ್ಶಿ ಶೇಖರಪ್ಪ ಪ್ಯಾಂಟು ಮಡಚಿಕೊಂಡು ಗೇಟಿನಲ್ಲಿ ನಿಂತಿದ್ದರು. ಹಿಂದೆ ಇಡೀ ಸಂಘ.

"ಒಂದೆರಡು ನಿಮ್ಷ ತಡೀರಿ ಸಾರ್."

ಸಿಮೆಂಟು ಒಡೆಯಿತು. ಗುಳುಗುಳು ಎಂದು ನೀರು ಒಳಕ್ಕೆ ಸರಿಯಿತು. ಒಂದೊಂದೇ ಬಿಲ ತೆರೆದಂತೆ ಸ್ಕೂಟರಿನ ಚಕ್ರ ಕಾಣಿಸಿತು, ಕೊನೆಗೆ ನೆಲವೂ ಕಾಣಿಸಿತು.

ಶೇಖರಪ್ಪ ಬೆರಗಾದರು. "ಒಳಗಡೆ ಪೈಪ್ ಹಾಕ್ಸಿದ್ದೀರಾ? ಯಾವ ಇಂಜಿನಿಯರ್ರು ಮಾಡಿದ್ದು?"

ರಾಮಾಂಜಿನಪ್ಪ ಸುಳ್ಳು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸ್ಕೂಟರಿನ ಸೀಟಿನ ಮೇಲಿಂದ ತೊಯ್ದು ತೊಪ್ಪೆಯಾದ ಹೆಗ್ಗಣವೊಂದು ಕೆಳಗಿಳಿಯಿತು. ಸಂಘದ ಮುಂದೆಯೇ ನಡೆದುಹೋಗಿ, ತೆರೆದ ಬಿಲದ ಬಾಯಿಯನ್ನು ಸುತ್ತ ಮೂಸಿ ನೋಡಿ, ಒಳಗೆ ನುಗ್ಗಿತು.

"ಬಂದ್ರಲ್ಲ, ಅವರ್ನೇ ಕೇಳಿ" ಎಂದಳು ಕೃಷ್ಣಮ್ಮ.

ಅಧ್ಯಕ್ಷಗಿರಿಯೂ ಆ ಬಾಲದ ಹಿಂದೆಯೇ ಒಳಗೆ ಹೋಯಿತೆಂದು ರಾಮಾಂಜಿನಪ್ಪನಿಗೆ ತಿಳಿಯಿತು. ಹಾರೆ ಕೆಳಗಿಟ್ಟು, ಬಿಲದ ಬಳಿ ಕುಕ್ಕರಗಾಲಲ್ಲಿ ಕೂತು, ಜೀವಮಾನದಲ್ಲಿ ಯಾರ ಬಳಿಯೂ ಆಡದ ಮಾತನ್ನು ಮೆಲ್ಲಗೆ ಹೇಳಿದ:

"ಆರಾಮಾಗಿರಪ್ಪ. ಬಾಡಿಗೆ ಬೇಡ, ಅಡ್ವಾನ್ಸೂ ಬೇಡ."