ಏಪ್ರನ್ ಕಟ್ಟಿಸಿಕೊಂಡವಳು

“ಬಾರಮ್ಮ, ಜನ ಕಾಯ್ತಿದಾರೆ,” ಎಂದು ಚರ್ಚಿನಲ್ಲಿ ದಿನಸಿ ಹಂಚುವ ಹಿರಿಯಾಕೆ ತನ್ನ ಎದುರು ಬಂದು ನಿಂತವಳ ಸೊಂಟಕ್ಕೆ ಏಪ್ರನ್ ಕಟ್ಟಿಬಿಟ್ಟಾಗ, ತಾನು ಸಹಾಯಕ್ಕಲ್ಲ, ದಿನಸಿಗಾಗಿಯೇ ಬಂದವಳು ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಚರ್ಚಿನ ತೋಟದ ಸೊಪ್ಪು ಕಟ್ಟಿ, ಬಂದವರಿಗೆಲ್ಲ ಚೀಲ ಕೊಟ್ಟಳು. ಈಗ ಉಳಿದಿದ್ದು ಒಂದೇ ಚೀಲ, ಎದುರಿಗೊಬ್ಬ ಮುದುಕ. ಮನೆಯಲ್ಲಿ ಮಕ್ಕಳಿಬ್ಬರು ಬೆಳಗಿನಿಂದ ಬರೀ ಚಹಾ ಕುಡಿದು ಕೂತಿದ್ದರು. ಅವಳ ಬೆರಳುಗಳು ಚೀಲದ ಹಿಡಿಯನ್ನು ಬಿಡಲಿಲ್ಲ.

“ಕೊಡಮ್ಮ,” ಎಂದರು ಹಿರಿಯಾಕೆ.

“ಅಕ್ಕಾ, ನಾನೂ ತಗೊಳ್ಳೋಕೇ ಬಂದಿದ್ದು.”

ಹಿರಿಯಾಕೆ ಖಾಲಿ ಚೀಲವೊಂದನ್ನು ಬಿಡಿಸುತ್ತ, “ನನ್ನ ಕಣ್ಣಿಗೆ ಏನು ಬಡಿದಿತ್ತೋ. ಹಿಡಿ, ಇಬ್ಬರಿಗೂ ಹಂಚೋಣ,” ಎಂದರು.

ಮುದುಕ ಬಗ್ಗಿ ಚೀಲದೊಳಗೆ ನೋಡಿದ. “ಕಡಲೆ ಪೂರ್ತಿ ಈ ಮಗಳಿಗೇ ಹಾಕಿ. ನಂಗೆ ಹಲ್ಲೆಲ್ಲಿದೆ?”